ಡ್ರ್ಯಾಗನ್ನಿಗಿಟ್ಟ ಕುಂಕುಮ

ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಬುಟ್ಟಿ ಹೊತ್ತು, ಆಮೇಲೆ ಅಲ್ಲೇ ಗೂಡು ಕೊಳ್ಳುವವನಾದವನು ನಾನು. ರೇಷ್ಮೆ ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ ಮೇಲೇ ಬೆಲೆ ಕೂಗುವುದು. ಅಂಥವನಿಗೆ, ಒಳಗೇನಿದೆ ಅಂತ ಗೊತ್ತಿಲ್ಲದ ಅಂಟಿಸಿದ ಪೊಟ್ಟಣಕ್ಕೆ ಸಂಬಳ ಸುರಿಯುವವರನ್ನು ಕಂಡರೆ ಏನನ್ನಿಸಬೇಕು ಹೇಳಿ. ಅಂಥವನೊಬ್ಬ ನಮ್ಮಲ್ಲೇ ಇದ್ದ: ನನ್ನ ಬಾಮೈದ, ಹೆಂಡತಿಯ ತಮ್ಮ.

ಬಿಡದಿಯಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ನಿನ್ನೆ ರಾಗಿ ಹೊಲ, ಇವತ್ತು ಕಾಂಪೌಂಡು. ಅವನಿಗೂ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ ಸಿಕ್ಕಿತ್ತು. ಕೆಲಸ ಒಳ್ಳೆಯದೇ, ಸಹವಾಸ ಕೆಟ್ಟದ್ದು. ಬೆಂಗಳೂರಿನಿಂದ ಕಂಪನಿ ಬಸ್ಸಲ್ಲಿ ಬರುತ್ತಿದ್ದ ಸೂಪರ್‌ವೈಸರ್ ಒಬ್ಬ ಇವನಿಗೆ ಕಾರ್ಡಿನ ಹುಚ್ಚು ಹತ್ತಿಸಿದ. ಇಸ್ಪೀಟಾಗಿದ್ದರೆ ಒಂದು ಮಾತು ಬೈದು ಸುಮ್ಮನಾಗುತ್ತಿದ್ದೆ. ಇದು ಬೇರೆ. ಯಾವುದೋ ಪರದೇಶದ ಕಥೆಯ ಲೋಕವಂತೆ. ಅಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ನು, ಮಂತ್ರ ಹಾಕುವ ಮುದುಕಿಯರು, ಸೇತುವೆ ಕಾಯುವ ಕುಳ್ಳರು. ಒಬ್ಬೊಬ್ಬರಿಗೂ ಒಂದೊಂದು ಕಾರ್ಡು, ಒಂದೊಂದು ಶಕ್ತಿ. ಕೊಳ್ಳುವುದು ಅಂಟಿಸಿದ ಪೊಟ್ಟಣದಲ್ಲಿ; ಯಾವ ಕಾರ್ಡು ಬಂತು ಅಂತ ಒಡೆದ ಮೇಲೇ ಗೊತ್ತು. ಮೀಸೆ ಬಂದ ಗಂಡಸರು ಎದುರುಬದುರು ಕೂತು ಅವುಗಳಿಂದ ಯುದ್ಧ ಮಾಡುತ್ತಿದ್ದರು.

"ಭಾವ, ಇದು ಜೂಜಲ್ಲ. ಬುದ್ಧಿ ಇರೋರು ಆಡೋ ಆಟ ಕಣ್ ಭಾವ."

"ಮತ್ತೆ ನಿನ್ನ ಯಾಕ್ಲಾ ಸೇರಿಸ್ಕಂಡವ್ರೆ?" ಅಂದೆ.

ಆ ಆಯುಧಪೂಜೆಯ ದಿನ ನಾನು ಅವನ ಮನೆಗೆ ಹೋದಾಗ ಒಳಗೆ ಸಾವಾದಂತಿತ್ತು. ಅವನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ; ಹುಡುಗಿ ಉಯ್ಯಂಬಳ್ಳಿಯವಳು, ರೈತರ ಮನೆಯ ಮಗಳು. ಬೆಳಿಗ್ಗೆ ಎದ್ದು ಬೈಕು, ಕುಡುಗೋಲು, ಮಿಕ್ಸಿ ಎಲ್ಲ ತೊಳೆದು ಒರೆಸಿ ಪೂಜೆಗಿಟ್ಟಿದ್ದಳು. ಪಕ್ಕದಲ್ಲಿ ಗಂಡನ ಕಾರ್ಡಿನ ಡಬ್ಬಿ. ಹಿಂದೊಮ್ಮೆ ಅದೇನು ಅಂತ ಕೇಳಿದ್ದಕ್ಕೆ ಇವನೇ "ಯುದ್ಧದ ಸಾಮಾನು" ಅಂದಿದ್ದನಂತೆ. ಯುದ್ಧದ ಸಾಮಾನಿಗೆ ಪೂಜೆ ಮಾಡದೆ ಬಿಡುತ್ತಾರೆಯೇ? ಮುಚ್ಚಳ ತೆಗೆದು, ಎಲ್ಲಕ್ಕಿಂತ ಮೇಲಿದ್ದ ಕಾರ್ಡಿನ ಡ್ರ್ಯಾಗನ್ನಿನ ಹಣೆಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಇಟ್ಟಿದ್ದಳು.

"ಅಣ್ಣ, ಇವ್ರು ಊಟನೇ ಬುಟ್ಟವ್ರೆ. ಕುಂಕುಮ ಇಟ್ಟಿದ್ಕೆ ಯಾರಾದ್ರೂ ಅಳ್ತಾರಾ?"

ನಾನು ನಕ್ಕೆ. ಅವನು ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ನಿಜ ಹೇಳಿದ ಮೇಲೆ ನಗು ನಿಂತಿತು. ಡ್ರ್ಯಾಗನ್ನು ಅವನದಲ್ಲ, ಸೂಪರ್‌ವೈಸರನದು. ಬೆಂಗಳೂರಲ್ಲಿ ಎಂಥದೋ ಪಂದ್ಯಕ್ಕೆ ಅಂತ ಸಾಲ ತಂದಿದ್ದ. ಅದಕ್ಕೆ ಅಡವಾಗಿ ಕೊಟ್ಟದ್ದು ಮದುವೆಯಲ್ಲಿ ಮಾವ ತೊಡಿಸಿದ್ದ ಚಿನ್ನದ ಉಂಗುರ! ಕಾರ್ಡಿಗೆ ಕಲೆಯಾದರೆ ಉಂಗುರ ಸೂಪರ್‌ವೈಸರನಿಗೇ ಅನ್ನುವ ಮಾತಾಗಿತ್ತು.

ಮುಂದಿನ ಹಬ್ಬ ದೀಪಾವಳಿ. ಹೊಸ ಅಳಿಯ ಉಯ್ಯಂಬಳ್ಳಿಗೆ ಹೋಗಲೇಬೇಕು, ಎಣ್ಣೆಸ್ನಾನಕ್ಕೆ ಕೂರಲೇಬೇಕು. ಬರೀ ಬೆರಳು ಕಂಡರೆ ಆ ಮಾವ ಮಗಳನ್ನು ವಾಪಸು ಕಳಿಸುವ ಆಸಾಮಿಯಲ್ಲ. ಫ್ಯಾಕ್ಟರಿ ಹುಡುಗರನ್ನು ನಂಬಲ್ಲ ಅಂತ ಮಾತುಕತೆಯ ದಿನವೇ ನನ್ನ ಮುಖಕ್ಕೆ ಹೇಳಿದ್ದವರು. ಸಂಬಂಧಕ್ಕೆ ಮುಂದೆ ನಿಂತವನೂ ನಾನೇ.

ಬಿಡದಿಯ ತಟ್ಟೆ ಇಡ್ಲಿ ಹೋಟೆಲಿಗೆ ಸೂಪರ್‌ವೈಸರನನ್ನು ಕರೆಸಿದೆವು. ಅವನು ಡ್ರ್ಯಾಗನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹೆಣ ನೋಡಿದಂತೆ ನೋಡಿದ.

"ಹೋಯ್ತು ಅಂಕಲ್. ಇದಕ್ಕಿನ್ನು ಮೂರು ಕಾಸಿನ ಬೆಲೆ ಇಲ್ಲ."

"ಪೂಜೆ ಆದ ಸಾಮಾನಪ್ಪ. ಬೆಲೆ ಜಾಸ್ತಿ ಆಗ್ಬೇಕು."

ಅವನು ನಗಲಿಲ್ಲ. ಬಾಮೈದ ತನ್ನ ಡಬ್ಬಿಯನ್ನೇ ಮುಂದಿಟ್ಟು, ಬೇಕಾದ್ದು ತಗೊಳ್ಳಿ ಸಾರ್ ಅಂತ ಕೈ ಮುಗಿದ. ದಡ್ಡ! ವ್ಯಾಪಾರದಲ್ಲಿ ಕೈ ಮುಗಿದವನ ಮಾಲು ಅಲ್ಲೇ ಅರ್ಧಕ್ಕಿಳಿಯುತ್ತದೆ, ನೆನಪಿಟ್ಟುಕೊಳ್ಳಿ. ಸೂಪರ್‌ವೈಸರ್ ಒಂದೊಂದೇ ಕಾರ್ಡು ತಿರುವಿ ಹಾಕಿದ. ಲಾಂದ್ರ ಹಿಡಿದ ಕುಳ್ಳನ ಕಾರ್ಡು ಬಂದಾಗ, "ಇದಂತೂ ಕಸ. ತಮಾಷೆಗೆ ಬೇಕಾದ್ರೆ ಇಟ್ಕೋತೀನಿ, ಉಂಗುರದ ಮಾತು ಮಾತ್ರ ಬೇಡ," ಅಂದು ಅದೊಂದನ್ನು ಪಕ್ಕಕ್ಕೆ ಸರಿಸಿದ.

ಕಾರ್ಡಿನ ವಿಷಯ ನನಗೇನು ಗೊತ್ತು, ಮಣ್ಣು. ಆದರೆ ಗೂಡಿನ ಮಾರ್ಕೆಟ್ಟಿನಲ್ಲಿ ಬೇಕಾದ ಲಾಟನ್ನೇ ಹೀಗಳೆಯುವವರನ್ನು ದಿನಾ ನೋಡಿದವನು. ಕಸವನ್ನು ಯಾರೂ ಅಷ್ಟು ಹುಷಾರಾಗಿ ಇಡ್ಲಿ ತಟ್ಟೆಯಿಂದ ದೂರ ಇಡುವುದಿಲ್ಲ. ಕುಳ್ಳನನ್ನು ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡು ಎದ್ದೆ.

"ನಡೀಲಾ, ಹೊತ್ತಾಯ್ತು."

"ಅಂಕಲ್, ಮಡಚಬೇಡಿ! ಮೆಲ್ಲಗೆ!"

"ಕಸ ತಾನೆ? ಮಡಚಿದ್ರೇನು?" ಅಂತ ಜೇಬಿನ ಮೇಲೆ ಒಸಿ ಕೈ ಒತ್ತಿದೆ.

ಕಾಫಿ ಬರುವಷ್ಟರಲ್ಲಿ ಉಂಗುರ ಮೇಜಿನ ಮೇಲಿತ್ತು. ಕುಳ್ಳನೂ ಕುಂಕುಮದ ಡ್ರ್ಯಾಗನ್ನೂ ಅವನ ಪಾಲು. ದಾರಿಯುದ್ದಕ್ಕೂ ಬಾಮೈದ ಬೈಕಿನ ಹಿಂದೆ ಕೂತು ಗೋಳಾಡಿದ, "ಆ ಕುಳ್ಳ ನನ್ನತ್ರ ಒಂದೇ ಇದ್ದಿದ್ದು ಭಾವ." ಹೆಂಡತಿ ಉಳಿದಳು ಅಂತ ಒಂದು ಸಲವಾದರೂ ಅನ್ನಲಿಲ್ಲ, ನೋಡಿ.

ದೀಪಾವಳಿಗೆ ನಮ್ಮನ್ನೂ ಕರೆದಿದ್ದರು. ಹಜಾರದಲ್ಲಿ ಅಳಿಯನನ್ನು ಮಣೆ ಮೇಲೆ ಕೂರಿಸಿದರು. ಮಾವನ ಕಣ್ಣು ಮೊದಲು ಹೋದದ್ದು ಬೆರಳಿಗೇ. ಉಂಗುರ ಕಂಡಿತು, ಅವರು ದನದ ಕೊಟ್ಟಿಗೆ ಕಡೆ ನಡೆದರು. ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದು, "ಉಂಗ್ರ ಬಿಚ್ಚಿಡಪ್ಪ, ಜಾರ್ ಹೋದಾತು," ಅಂದರು. ಅವನು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅವಳು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಸ್ನಾನವಾಯಿತು, ಊಟಕ್ಕೆ ಕೂತೆವು. ಅವನು ಮೆಲ್ಲಗೆ ಕೈ ಚಾಚಿ, "ಉಂಗ್ರ ಕೊಡು," ಅಂದ.

"ನನ್ನತ್ರನೇ ಇರ್ಲಿ ಬುಡಿ," ಅಂದಳು, ಎಲೆಗೆ ಕಜ್ಜಾಯ ಬಡಿಸುತ್ತಾ. "ಇಲ್ಲಿದ್ರೆ ಯಾವ ಯುದ್ಧಕ್ಕೂ ಹೋಗಕಿಲ್ಲ."

ಬಾಮೈದ ನನ್ನ ಕಡೆ ತಿರುಗಿದ, ಒಂದು ಮಾತಾಡು ಭಾವ ಅನ್ನುವಂತೆ. ನಾನು ಅವಳ ಮುಖ ನೋಡಿದೆ. ಚೌಕಾಸಿಗೆ ಬರುವ ಮುಖವಲ್ಲ ಅದು. ಕಜ್ಜಾಯ ಮುರಿದು ಬಾಯಿಗಿಟ್ಟೆ.