ನಮ್ಮ ಕಂಪ್ಯೂಟರಿನ ಗಣಿತ

ಗೆಳೆಯರೇ, ನಾನು ಕಸ ಗುಡಿಸುವ ಊರ ಗ್ರಂಥಾಲಯದ ಹಳೇ ಕಂಪ್ಯೂಟರ್ ಇವತ್ತು ಗುಜರಿಗೆ ಹೋಗುವುದರಲ್ಲಿತ್ತು. ಸಮಿತಿಯ ಬಸಣ್ಣ ಕಾಕಾ ತಂದ ಗಣಿತದ ಸಾಫ್ಟ್‌ವೇರ್ ಹಾಕಿದರೆ ಅದು ನಿಂತೇಬಿಡುತ್ತಿತ್ತು.

"ನವಲಗುಂದದ ಗುಜರಿಯವ ಹೊರಗ ನಿಂತಾನ. ಹೇರ್ರಿ ಇದನ್ನ!" ಎಂದರು ಕಾಕಾ.

ಬಾಗಿಲಲ್ಲಿ ಮಕ್ಕಳು ಇಣುಕುತ್ತಿದ್ದರು. ನಾನು ಕಂಪ್ಯೂಟರಿಗೆ ಅಡ್ಡ ನಿಂತೆ.

"ಕಾಕಾ, ಚಿತ್ರ ಬರಿಯೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಒಂದೈತ್ರಿ. ಭಾಳ ಹಗುರ, ಪುಕಟ್ ಬ್ಯಾರೆ."

"ನಾಲ್ಕನೇ ಕ್ಲಾಸ್ ಕಲ್ತಾಕಿ ನನಗ ಹೇಳಾಕ ಬಂದಿ ಏನ್ಬೇ? ಪುಕಟ್ ಅಂದ್ರ ಏನರ ಲಫಡಾ ಇರ್ತೈತಿ!"

ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಪೆನ್‌ಡ್ರೈವ್ ಚುಚ್ಚಿ ಅದನ್ನು ಹಾಕಿದೆ. ತಟ್ಟನೆ ತೆರೆದುಕೊಂಡಿತು. ಕಾಕಾನ ಮೊಮ್ಮಗಳೇ ಓಡಿ ಬಂದು ಎತ್ತಿನ ಚಿತ್ರ ಬರೆದಳು.

ಕಾಕಾ ಮೀಸೆ ತಿರುವಿದರು. "ಇರ್ಲಿ. ಆದ್ರ ಅದರ ಮ್ಯಾಲ ಗಣಿತ ಅಂತ ಹೆಸರ ಹಾಕು. ಸಮಿತಿಯವ್ರಿಗೆ ನಾ ಏನ್ ಹೇಳ್ಲಿ?"

ಹಾಕಿದ್ದೇನೆ. ನಾಳೆಯಿಂದ ನಮ್ಮೂರ ಮಕ್ಕಳು ಗಣಿತದಲ್ಲಿ ಎತ್ತಿಗೆ ಬಣ್ಣ ಹಚ್ಚುತ್ತಾರೆ.