ಒಂದು ಮೀಥೈಲ್ ಗುಂಪಿನ ವಿರುದ್ಧ

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆಡುವ ಮಾತನ್ನು ನಂಬಲೇಬೇಕೆಂದಿಲ್ಲ ಎಂದು ನಾನು ಕಲಿತದ್ದು ಅಲ್ಲೇ. ಶಿವಮೊಗ್ಗದ ನಮ್ಮ ಕಾಲೇಜಿಗೆ ಮೂರು ಸಲ ಪರ್ಯಾಯ ಪಾರಿತೋಷಕ ತಂದಿದ್ದೆ. ಅದಕ್ಕೇ ಕಾಲೇಜಿನ ಪೇಟೆಂಟ್ ಸಮಿತಿಯವರು ಎಂ.ಎಸ್ಸಿ. ಓದುತ್ತಿದ್ದ ನನ್ನನ್ನು ಕರೆದು, ಅಕ್ಕನ ಅರ್ಜಿಯನ್ನು ವಿರೋಧಿಸಿ ಮಾತಾಡು, ನಿನ್ನ ವಾದವನ್ನು ಅದು ತಡೆದುಕೊಂಡರೆ ಪೇಟೆಂಟ್ ಕಚೇರಿಗೆ ಕಳಿಸೋಣ ಎಂದರು.

ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಅವಳು ನಮ್ಮ ಲ್ಯಾಬಿನ ಸಂಶೋಧಕಿ, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಕಾಗದ ಕಾರ್ಖಾನೆಗಳ ಪೈಪಿನಲ್ಲಿ ಕಟ್ಟುವ ಲೋಳೆಯನ್ನು ಕೊಲ್ಲುವ ಹಳೆಯ ರಾಸಾಯನಿಕವೊಂದಕ್ಕೆ ನಾಲ್ಕೇ ಪರಮಾಣುಗಳ ಒಂದು ಮೀಥೈಲ್ ಗುಂಪು ಸೇರಿಸಿ, ಕಾಲುಭಾಗ ಹಾಕಿದರೂ ಕೆಲಸ ಮಾಡುವ ಹೊಸ ಸಂಯುಕ್ತ ತಯಾರಿಸಿದ್ದಳು. ಅರ್ಜಿ ಹೋದರೆ ಅವಳ ಪ್ರಾಜೆಕ್ಟ್ ಮುಂದುವರಿಯುತ್ತಿತ್ತು. ಇಲ್ಲವಾದರೆ ಮಾರ್ಚ್‌ಗೆ ಕೆಲಸ ಮುಗಿಯುತ್ತಿತ್ತು. ಆ ವಿದ್ಯೆ ಬಲ್ಲ ಯಾರಿಗಾದರೂ ತಾನಾಗಿ ಹೊಳೆಯುವ ಬದಲಾವಣೆಗೆ ಪೇಟೆಂಟ್ ಸಿಗುವುದಿಲ್ಲ. ಇದು ಅಂಥದ್ದೇ ಎಂದು ನಾನು ಸಾಧಿಸಬೇಕಿತ್ತು.

ಹಿಂದಿನ ದಿನ ಲೈಬ್ರರಿಯ ಹಳೇ ಜರ್ನಲ್ ಒಂದರಲ್ಲಿ ಲೇಖನ ಸಿಕ್ಕಿತು. ಅಕ್ಕ ಮೀಥೈಲ್ ಸೇರಿಸಿದ್ದ ಸರಿಯಾಗಿ ಅದೇ ಜಾಗಕ್ಕೆ ಏನೇ ಸೇರಿಸಿದರೂ ಆ ಹಳೆಯ ರಾಸಾಯನಿಕದ ಶಕ್ತಿ ಕುಂದುತ್ತದೆ ಎಂದು ಅದರಲ್ಲಿತ್ತು. ಅಂದರೆ ಬಲ್ಲವರು ಯಾರೂ ಅತ್ತ ಕೈ ಹಾಕುತ್ತಿರಲಿಲ್ಲ. ಅಕ್ಕನನ್ನು ಗೆಲ್ಲಿಸಲು ಆ ಹಾಳೆಯೊಂದೇ ಸಾಕಿತ್ತು, ಅವಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಜೆರಾಕ್ಸ್ ಮಾಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಸಮಿತಿಯ ಮುಂದೆ, ಮೀಥೈಲ್ ಸೇರಿಸುವುದು ಸಾರಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿದಷ್ಟೇ ಎಂದೆ. ನಕ್ಕರು. ನನಗೆ ಮೂರು ವರ್ಷ ಬೇಕಾಯಿತಲ್ಲ ಎಂದು ಅಕ್ಕ ಮೆಲ್ಲಗೆ ಕೇಳಿದಳು. ತಡವಾಗಿ ಹೊಳೆದದ್ದೂ ಹೊಳೆದದ್ದೇ ಎಂದೆ. ಇನ್ನೂ ಜೋರಾಗಿ ನಕ್ಕರು. ಅರ್ಜಿ ಬೇಡವೆಂದು ಹತ್ತು ನಿಮಿಷದಲ್ಲಿ ಬರೆದುಕೊಂಡರು. ಅಣಕು ವಿಚಾರಣೆಯನ್ನೇ ತೀರ್ಪು ಮಾಡಿದ ಆ ವಿದ್ವಾಂಸರಲ್ಲಿ ಒಬ್ಬರಾದರೂ, ಇವಳ ಪರ ವಾದಿಸಲು ಯಾರನ್ನು ಕರೆದಿದ್ದೇವೆ ಎಂದು ಕೇಳಲಿಲ್ಲ. ಅವರನ್ನು ಬೈದರೆ ನನಗೆ ಹಗುರ, ಅದಕ್ಕೇ ಬೈಯುತ್ತಿದ್ದೇನೆ.

ಆಮೇಲೆ ಅಕ್ಕ ತನ್ನ ಕೆಲಸವನ್ನು ಜರ್ನಲ್‌ನಲ್ಲಿ ಪ್ರಕಟಿಸಿದಳು. ಹಾಗೆ ಲೋಕಕ್ಕೆಲ್ಲ ತಿಳಿಸಿಯಾದ ಮೇಲೆ ಪೇಟೆಂಟ್ ಕೇಳುವ ಹಾಗಿಲ್ಲ. ಮಾರ್ಚ್‌ಗೆ ಕೆಲಸವೂ ಹೋಯಿತು. ಜೂನ್‌ನಲ್ಲಿ ನಾನು ಜೆರಾಕ್ಸ್ ಹಿಡಿದು ಕಾಗದನಗರಕ್ಕೆ ಹೋದೆ. ಅವಳು ಎರಡು ಸಲ ಓದಿದಳು.

“ಇದು ಆವತ್ತು ನಿನ್ನ ಹತ್ರ ಇತ್ತಾ?”

ಬ್ಯಾಗಿನಲ್ಲಿತ್ತು ಎಂದೆ. ಎದುರು ಪಕ್ಷಕ್ಕೆ ಬೇಕಾದ ಸಾಕ್ಷ್ಯವನ್ನು ನಾವೇ ಕೊಡುವ ಕ್ರಮ ಚರ್ಚಾಸ್ಪರ್ಧೆಯಲ್ಲಿ ಇಲ್ಲ ಎಂದೂ ಸೇರಿಸಿದೆ.

“ಅದು ಸ್ಪರ್ಧೆ ಅಂತ ನಂಗ್ಯಾರೂ ಹೇಳ್ಲಿಲ್ಲ ಮಾರಾಯ್ತಿ. ನಾನು ಮೀಟಿಂಗ್ ಅಂದ್ಕೊಂಡು ಬಂದಿದ್ದೆ.”

ಹೊರಗೆ ಟ್ಯೂಷನ್ ಮಕ್ಕಳು ಚಪ್ಪಲಿ ಬಿಡುತ್ತಿದ್ದರು. ಅವಳು ಹಾಳೆ ಮಡಚಿ ನನ್ನ ಕೈಗೇ ಕೊಟ್ಟು, ಅವರನ್ನು ಒಳಗೆ ಕರೆದಳು.