ಬಾಗಿಲ ಮೇಲೆ ಎರಡು ಪೆಟ್ಟು

ಬೀರೂರು ಸ್ಟೇಷನ್ ಮುಂದೆ ಇಪ್ಪತ್ತು ವರ್ಷ ಟ್ಯಾಕ್ಸಿ ನಿಲ್ಲಿಸಿದವನು ನಾನು. ನಮ್ಮಲ್ಲಿ ಪಾಳಿ ಅಂದರೆ ಪಾಳಿ. ರೈಲು ಇಳಿದವರು ಯಾರನ್ನೇ ಕೇಳಲಿ, ಸಾಲಿನ ಮೊದಲ ಕಾರಿಗೇ ಕಳಿಸಬೇಕು. ಅದು ಹೊರಟ ಮೇಲೆ ಹಿಂದಿನವು ಮುಂದೆ ಸರಿಯಬೇಕು. ಒಂದು ಕಾರಿನಷ್ಟು ದೂರಕ್ಕೆ ಎಂಜಿನ್ ಚಾಲೂ ಮಾಡಿದರೆ ಡೀಸೆಲ್ ದಂಡ ಅಂತ ಕೈಯಲ್ಲೇ ತಳ್ಳುತ್ತಿದ್ದೆವು.

ನನ್ನ ಮುಂದೆ ಸಾಮಾನ್ಯವಾಗಿ ಚಾಚಾ ಅವರ ಅಂಬಾಸಿಡರ್ ಇರುತ್ತಿತ್ತು. ಸ್ಟ್ಯಾಂಡಿನ ಅತಿ ಹಿರಿಯ ಡ್ರೈವರ್, ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು. ಮಂಡಿನೋವು, ಹಾಗಾಗಿ ಅವರು ಒಳಗೇ ಕೂತಿರುತ್ತಿದ್ದರು, ನಾನು ಚಕ್ರದಡಿಯ ಕಲ್ಲು ತೆಗೆದು ಡಿಕ್ಕಿಗೆ ಕೈಯಿಟ್ಟು ತಳ್ಳುತ್ತಿದ್ದೆ. ಸಾಕು ಅನ್ನಿಸಿದಾಗ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲನ್ನು ಎರಡು ಸಲ ಬಡಿಯುತ್ತಿದ್ದರು. ಟಕ್, ಟಕ್. ನಾನು ನಿಲ್ಲಿಸುತ್ತಿದ್ದೆ.

ಫೋನಿನಲ್ಲೇ ಟ್ಯಾಕ್ಸಿ ಕರೆಸುವ ಆ್ಯಪ್ ಬಂದಾಗ ನಾವೆಲ್ಲ ಚಾಚಾ ಅವರ ಕಾರಿನ ಬಾನೆಟ್ ಮುಟ್ಟಿ ಆಣೆ ಮಾಡಿದೆವು, ಯಾರೂ ಅದಕ್ಕೆ ಸೇರಬಾರದು ಅಂತ. ಎಲ್ಲರಿಗಿಂತ ಮೊದಲು ಮುಟ್ಟಿದ ಶೂರ ನಾನೇ. ತಿಂಗಳು ತುಂಬುವಷ್ಟರಲ್ಲಿ ಕದ್ದು ಸೇರಿಕೊಂಡೆ. ನೂರು ಕಾರಣ ಕೊಡಬಲ್ಲೆ, ಒಂದೂ ಕೊಡುವುದಿಲ್ಲ.

ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಉಳಿದದ್ದು ಮೂರೇ ಕಾರು. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಜೇಬಿನ ಫೋನು ಗುಂಯ್ ಅಂದಿತು. ಅಜ್ಜಂಪುರದ ಬಾಡಿಗೆ. ಹತ್ತುವವರು ಗೂಡ್ಸ್ ಶೆಡ್ಡಿನ ಹಿಂದೆ ನಿಂತಿದ್ದರು.

“ಚಾಚಾ, ಪಂಚರ್ ಹಾಕಿಸ್ಕೊಂಡ್ ಬತ್ತೀನಿ,” ಅಂದೆ.

“ಬೇಗ ಬಾರೋ. ಯಾಕೋ ಎದೆ ಒಂಥರಾ ಆಯ್ತಾ ಐತೆ. ಗ್ಯಾಸಿರ್ಬೇಕು.”

ನಾನು ಹೋದೆ. ಅಜ್ಜಂಪುರದಲ್ಲಿ ಇನ್ನೊಂದು ಬಾಡಿಗೆ ಸಿಕ್ಕಿತು, ತರೀಕೆರೆಗೆ. ಅದನ್ನೂ ಬಿಡಲಿಲ್ಲ.

ವಾಪಸ್ ಬಂದಾಗ ಹನ್ನೆರಡೂವರೆ. ಚಾಚಾ ಅವರ ಮುಂದಿದ್ದ ಕಾರು ಆಗಷ್ಟೇ ಜನ ಹತ್ತಿಸಿಕೊಂಡು ಹೊರಟಿತ್ತು. ಅಂಬಾಸಿಡರಿನ ಹಿಂದಿನ ಗಾಜಿನಲ್ಲಿ ಅವರ ಬಿಳಿ ಟೋಪಿ ಕಾಣುತ್ತಿತ್ತು. ನನ್ನ ಕಾರಿನ ಸದ್ದಿಗೆ ಅದು ತಿರುಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ: ಯಾರೋ ಹೇಳಿಬಿಟ್ಟಿದ್ದಾರೆ, ಮುನಿಸಿಕೊಂಡಿದ್ದಾರೆ ಅಂದುಕೊಂಡೆ. ಕಿಟಕಿಗೆ ನಾಲ್ಕೇ ಹೆಜ್ಜೆ. ಮುಖ ತೋರಿಸಲು ನಾಚಿಕೆಯಾಗಿ, ಮಾತಿನ ಬದಲು ಕೆಲಸವಾದರೂ ಮಾಡೋಣ ಅಂತ ಕಲ್ಲು ತೆಗೆದು ತಳ್ಳಿದೆ.

ಟಕ್, ಟಕ್.

ನಿಲ್ಲಿಸಿದೆ. ಬಾಗಿಲು ಬಡಿದರಲ್ಲ, ಕೋಪ ಅಷ್ಟೇನಿಲ್ಲ ಅಂತ ಎಷ್ಟು ಹಗುರಾಯಿತೋ! ನನ್ನ ಸೀಟಿಗೆ ಹೋಗಿ ಕೂತೆ.

ರೈಲು ಬಂತು. ಒಬ್ಬ ಹೆಂಗಸು ಬ್ಯಾಗು ಹೊತ್ತುಕೊಂಡು ನೇರ ನನ್ನ ಹತ್ತಿರ ಬಂದು ಕಡೂರಿಗೆ ಬರುತ್ತೀರಾ ಅಂದಳು.

“ಪಾಳಿ ಅವ್ರದು ಕಣಮ್ಮ, ಅಲ್ಲಿ ಕೇಳಿ,” ಅಂದೆ. ಅವತ್ತು ನಾನು ಪಾಲಿಸಿದ ನಿಯಮ ಅದೊಂದೇ.

ಅವಳು ಕಿಟಕಿಗೆ ಬಗ್ಗಿ ನೋಡಿ, ಬ್ಯಾಗು ಅಲ್ಲೇ ಬಿಟ್ಟು ಹಿಂದೆ ಬಂದಳು. “ಅವ್ರು ಮಾತಾಡ್ತಿಲ್ಲ ಕಣ್ರೀ. ಕಣ್ಣು ಬಿಟ್ಕೊಂಡೇ ಅವ್ರೆ.”

ಆಸ್ಪತ್ರೆಯಲ್ಲಿ ಡಾಕ್ಟರು ಸೆಟೆದ ಮೈ ಮುಟ್ಟಿ ನೋಡಿ, ಹತ್ತು ಗಂಟೆ ಹೊತ್ತಿಗೇ ಜೀವ ಹೋಗಿದೆ ಅಂದರು.

“ಇಲ್ಲ ಸಾರ್, ಹನ್ನೆರಡೂವರೆಗೆ ಬಾಗಿಲು ಬಡಿದ್ರು. ನಾನೇ ಕೇಳ್ದೆ.”

ಡಾಕ್ಟರು ಚೀಟಿಯಲ್ಲಿ ಹತ್ತು ಗಂಟೆ ಅಂತಲೇ ಬರೆದರು. ಕಾರಿನ ಬಾಗಿಲು ತೆಗೆದವನು ನಾನೇ. ಚಾಚಾ ಅವರ ಎರಡೂ ಕೈ ತೊಡೆಯ ಮೇಲಿದ್ದವು, ಮರದಂತೆ ಬಿಗಿದುಕೊಂಡು.

ಈಗ ಸ್ಟ್ಯಾಂಡೂ ಇಲ್ಲ, ಪಾಳಿಯೂ ಇಲ್ಲ. ಫೋನು ಕರೆದಲ್ಲಿಗೆ ಹೋಗುತ್ತೇನೆ. ಸ್ಟೇಷನ್ ಮುಂದೆ ಕಾಯುವಾಗ ಮಾತ್ರ ಆ ಮೊದಲ ಜಾಗ ಬಿಟ್ಟು ಹಿಂದೆ ನಿಲ್ಲಿಸುತ್ತೇನೆ, ಮಟಮಟ ಮಧ್ಯಾಹ್ನವಾದರೂ ಗಾಜು ಏರಿಸಿಕೊಂಡು. ಅವತ್ತಿನ ಟಕ್ ಟಕ್ ನಿನ್ನ ಭ್ರಮೆ ಅನ್ನುತ್ತಾಳೆ ಹೆಂಡತಿ. ಭ್ರಮೆಯೇ ಇರಬಹುದು ಅನ್ನಲು ನನ್ನಿಂದಾಗುವುದಿಲ್ಲ. ಬೇಗ ಬಾ ಅಂದಿದ್ದರು. ನಾನು ಬರುವ ತನಕ ಅವರು ಕಾದಿದ್ದರು.